ಕಾರ್ಡಲ್ಲಿ ಒಂದೇ ಗೆರೆ ಬಂತು, ಕೆಲಸ ಹೋಯ್ತಾ ಡಾಕ್ಟ್ರೇ?

ಕೆಲಸದ ಜಾಗದಲ್ಲಿ ಕುಡಿತ, ಗಾಂಜಾ, ನಶೆ ಮಾತ್ರೆ, ಅದಕ್ಕೆ ಅಂತ ಕಂಪನಿಯವ್ರು ಮಾಡ್ಸೋ ಟೆಸ್ಟು, ಇವುಗಳ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಹೋದ ಸಂಚಿಕೆಲಿ ಹೇಳಿದ್ವಿ. ಶಿವಮೊಗ್ಗ, ಭದ್ರಾವತಿ, ಹೊಸನಗರ, ತೀರ್ಥಹಳ್ಳಿ, ಸಾಗರ ಎಲ್ಲಾ ಕಡೆಯಿಂದ ಪತ್ರ ಬಂದಿವೆ. ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ ಹಾಕಿದೀವಿ. ಒಂದೇ ಥರದ ಪ್ರಶ್ನೆಗಳನ್ನ ಸೇರ್ಸಿ ಉತ್ತರ ಕೊಟ್ಟಿದೀನಿ.

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಬೆಂಗಳೂರಲ್ಲಿ ಕೆಲಸ ಸಿಕ್ಕಿತ್ತು, ಆಫರ್ ಲೆಟರೂ ಕೈಗೆ ಬಂದಿತ್ತು. ಸೇರೋ ಮುಂಚೆ ಮೆಡಿಕಲ್ ಟೆಸ್ಟ್ ಅಂತ ಕರೆದ್ರು. ಅದರ ಹಿಂದಿನ ದಿನ ಕೊಪ್ಪದಲ್ಲಿ ನೆಂಟರ ಮದುವೆ ಇತ್ತು, ಗಸಗಸೆ ಪಾಯಸ ಮೂರು ಲೋಟ ಕುಡಿದಿದ್ದೆ, ಜೊತೆಗೆ ಕೆಮ್ಮು ಇದೆ ಅಂತ ಸಿರಪ್ ಬೇರೆ ತಗೋತಿದ್ದೆ. ಮೂತ್ರದ ಟೆಸ್ಟಲ್ಲಿ ಓಪಿಯೇಟ್ (ಅಫೀಮಿನ ಜಾತಿಯ ನಶೆ ವಸ್ತು) ಪಾಸಿಟಿವ್ ಅಂತೆ, ಆಫರ್ ವಾಪಸ್ ತಗೊಂಡ್ರು. ನಾನು ಬೀಡಿ ಸಹ ಸೇದಿದವನಲ್ಲ. ಅಪ್ಪ ಮುಖ ಕೊಟ್ಟು ಮಾತಾಡ್ತಿಲ್ಲ, ಊರಲ್ಲಿ ಗೊತ್ತಾದ್ರೆ ಏನಂತಾರೆ ಅಂತ ಅಮ್ಮ ಅಳ್ತಾರೆ. ಏನು ಮಾಡ್ಲಿ? (ತೀರ್ಥಹಳ್ಳಿ)

ಉತ್ತರ: ತಮ್ಮಾ, ಈ ಪುಟವನ್ನ ಮೊದಲು ನಿಮ್ಮ ಅಪ್ಪನ ಕೈಗೆ ಕೊಡು. ನೀನು ಹೇಳಿದ್ದು ನೂರಕ್ಕೆ ನೂರು ಆಗೋ ವಿಷಯ. ಗಸಗಸೆ ಅನ್ನೋದು ಅಫೀಮು ಗಿಡದ್ದೇ ಬೀಜ. ಬೀಜದೊಳಗೆ ನಶೆ ಇರಲ್ಲ, ಆದ್ರೆ ಕಾಯಿಯ ಹಾಲು ಬೀಜಕ್ಕೆ ಮೆತ್ತಿಕೊಂಡಿರುತ್ತೆ, ಅದರಲ್ಲಿ ಮಾರ್ಫಿನ್, ಕೋಡೀನ್ ಸ್ವಲ್ಪ ಇರುತ್ತೆ. ತೊಳೆದು ಹುರಿದ್ರೆ ಕಡಿಮೆ ಆಗುತ್ತೆ, ಪೂರ್ತಿ ಹೋಗಲ್ಲ. ಜೊತೆಗೆ ನೀನು ಕುಡಿದ ಸಿರಪ್‌ನಲ್ಲಿ ಕೋಡೀನ್ ಇದ್ದಿದ್ರೆ ಮುಗೀತು, ಯಾಕಂದ್ರೆ ಕೋಡೀನ್ ಮೈಯೊಳಗೆ ಹೋದ್ಮೇಲೆ ಒಂದಿಷ್ಟು ಮಾರ್ಫಿನ್ ಆಗೇ ಹೊರಗೆ ಬರುತ್ತೆ. ಬಾಟ್ಲಿ ಇನ್ನೂ ಮನೇಲಿದ್ರೆ ಬಿಸಾಡಬೇಡ, ಲೇಬಲ್ ಫೋಟೋ ತೆಗಿ, ಡಾಕ್ಟರ್ ಚೀಟಿ, ಮೆಡಿಕಲ್ ಶಾಪ್ ಬಿಲ್ ಎಲ್ಲಾ ಎತ್ತಿಡು.

ಈ ಗಸಗಸೆ ತಕರಾರು ಹಳೇದು. ಕೆಲಸಗಾರರಿಗೆ ಡ್ರಗ್ ಟೆಸ್ಟ್ ಮಾಡೋ ಪದ್ಧತಿ ದೊಡ್ಡದಾಗಿ ಬೆಳೆದಿದ್ದೇ ಅಮೆರಿಕದಲ್ಲಿ, 1986ರಲ್ಲಿ ಅಧ್ಯಕ್ಷ ರೇಗನ್ ಸರ್ಕಾರಿ ನೌಕರರಿಗೆ ಆದೇಶ ಹೊರಡಿಸಿದ್ರು, 1988ರಲ್ಲಿ ಡ್ರಗ್ ಫ್ರೀ ವರ್ಕ್‌ಪ್ಲೇಸ್ ಕಾಯ್ದೆ ಬಂತು, ಅಲ್ಲಿಂದ ಅದು ಅಲ್ಲಿನ ಕಂಪನಿಗಳ ಜೊತೆ ಬೆಂಗಳೂರಿಗೂ ಬಂತು. ಮೊದಲು ಅಲ್ಲಿ ಒಂದು ಎಂಎಲ್ ಮೂತ್ರದಲ್ಲಿ 300 ನ್ಯಾನೋಗ್ರಾಂ ಮಾರ್ಫಿನ್ ಇದ್ರೆ ಪಾಸಿಟಿವ್ ಅಂತಿದ್ರು. ಬ್ರೆಡ್ ಮೇಲೆ ಉದುರಿಸಿದ ಗಸಗಸೆ ತಿಂದವರೆಲ್ಲ ಸಿಕ್ಕಿಬೀಳೋಕೆ ಶುರುವಾದ್ಮೇಲೆ 1998ರಲ್ಲಿ ಆ ಮಿತಿಯನ್ನ 2000ಕ್ಕೆ ಏರಿಸಿದ್ರು. ಇಷ್ಟಾದ್ರೂ 2023ರಲ್ಲಿ ಅಮೆರಿಕದ ಸೈನ್ಯ ತನ್ನ ಸೈನಿಕರಿಗೆ ಗಸಗಸೆ ತಿನ್ನಲೇಬೇಡಿ ಅಂತ ಸುತ್ತೋಲೆ ಕಳಿಸ್ತು. ಮೂತ್ರ ಹಾಕಿ ಗೆರೆ ನೋಡೋ ಟೆಸ್ಟ್ ಕಾರ್ಡುಗಳು ನಮ್ಮಲ್ಲಿ ಮಾರೋದ್ರಲ್ಲಿ ಎಷ್ಟೋ ಈಗಲೂ ಹಳೇ 300ರ ಮಿತಿನವೇ, ಎಂಒಪಿ (ಅಂದ್ರೆ ಮಾರ್ಫಿನ್) 300 ಅಂತ ಅದರ ಮೇಲೇ ಬರೆದಿರುತ್ತೆ. ಲೋಟಗಟ್ಟಲೆ ಗಸಗಸೆ ಪಾಯಸ ಕುಡಿಯೋ ನಮ್ಮೂರಿನವರಿಗೆ ಇದು ಸರಿಯಾದ ಅಳತೆ ಅಲ್ಲವೇ ಅಲ್ಲ.

ಈಗ ಏನು ಮಾಡ್ಬೇಕು ಅಂದ್ರೆ, ಎಚ್‌ಆರ್‌ಗೆ ಫೋನ್ ಮಾಡಿ ಜಗಳ ಆಡಬೇಡ, ಇಮೇಲ್ ಹಾಕು. ಮೂರು ವಿಷಯ ಕೇಳು. ಟೆಸ್ಟ್ ಬರೀ ಕಾರ್ಡಲ್ಲಿ ಮಾಡಿದ್ದಾ ಅಥವಾ ಲ್ಯಾಬಲ್ಲಿ ವಸ್ತು ಯಾವುದು ಅಂತ ನಿಖರವಾಗಿ ಹೇಳೋ ಜಿಸಿ-ಎಂಎಸ್ ಇಲ್ಲಾ ಎಲ್‌ಸಿ-ಎಂಎಸ್ ಮಾಡಿ ಖಚಿತ ಮಾಡಿದ್ದಾರಾ, ಮಿತಿ ಎಷ್ಟಿತ್ತು, ಉಳಿದ ಸ್ಯಾಂಪಲ್ ಇನ್ನೂ ಇಟ್ಟಿದ್ದಾರಾ. ಸ್ಯಾಂಪಲ್ ಇದ್ರೆ ಅದನ್ನೇ ದೊಡ್ಡ ಲ್ಯಾಬಿಗೆ ಕಳಿಸಿ, ನನ್ನ ಖರ್ಚಲ್ಲೇ ಆಗ್ಲಿ ಅಂತ ಬರಿ. ಹೆರಾಯಿನ್ ತಗೊಂಡವರ ಮೂತ್ರದಲ್ಲಿ 6-ಎಂಎಎಂ ಅನ್ನೋ ಬೇರೆ ವಸ್ತು ಒಂದಿಷ್ಟು ಹೊತ್ತು ಕಾಣುತ್ತೆ, ಗಸಗಸೆ ತಿಂದವರಲ್ಲಿ ಅದು ಬರಲ್ಲ. ಗಸಗಸೆ ತಿಂದವರಲ್ಲಿ ಥಿಬೇನ್ ಅನ್ನೋ ಇನ್ನೊಂದು ವಸ್ತು ಕಾಣಬಹುದು. ಇದನ್ನ ಓದಿ ಹೇಳೋಕೆ ಒಬ್ಬ ಡಾಕ್ಟರ್ ಬೇಕು, ಲ್ಯಾಬ್ ಹುಡುಗ ಹೇಳೋ ವಿಷಯ ಅಲ್ಲ. ಅಮೆರಿಕದ ನಿಯಮದಲ್ಲೇ ಪಾಸಿಟಿವ್ ಬಂದವರ ಹತ್ರ ಮೊದಲು ಒಬ್ಬ ಡಾಕ್ಟರ್ ಮಾತಾಡಿ, ಏನು ಔಷಧಿ ತಗೋತಿದ್ರಿ ಅಂತ ಕೇಳಿ, ಆಮೇಲೆ ಕಂಪನಿಗೆ ತಿಳಿಸ್ಬೇಕು ಅಂತಿದೆ. ಅವರ ಟೆಸ್ಟನ್ನ ತಂದು, ಟೆಸ್ಟ್ ಮಾಡಿಸ್ಕೊಳ್ಳೋನಿಗೆ ಅವರು ಕೊಟ್ಟಿರೋ ರಕ್ಷಣೆ ಬಿಟ್ಟುಬರೋದು ಅನ್ಯಾಯ, ಅದನ್ನ ಇಮೇಲಲ್ಲಿ ಮರ್ಯಾದೆಯಿಂದ ಹೇಳು. ಉತ್ತರ ಬರದೆ ಇದ್ರೆ ಒಬ್ಬ ವಕೀಲರ ಕೈಲಿ ಪತ್ರ ಹಾಕ್ಸು. ಇನ್ನೊಂದು ಕಡೆ ಮೆಡಿಕಲ್ ಇದ್ರೆ ಮೂರ್ನಾಲ್ಕು ದಿನ ಮುಂಚೆಯಿಂದಲೇ ಗಸಗಸೆ ಬಿಡು, ತಗೋತಿರೋ ಔಷಧಿಯನ್ನೆಲ್ಲ ಟೆಸ್ಟಿಗೆ ಮುಂಚೆನೇ ಫಾರ್ಮಲ್ಲಿ ಬರೆದುಬಿಡು.

ಪ್ರಶ್ನೆ: ನಾನು ಬಸ್ ಡ್ರೈವರ್. ಊಟ ಆದ್ಮೇಲೆ ದಶಮೂಲಾರಿಷ್ಟ ತಗೊಳ್ಳೋದು ಅಭ್ಯಾಸ. ಡ್ಯೂಟಿಗೆ ಮುಂಚೆ ಊದಿಸಿದ್ರೆ ಸಿಕ್ಕಿಬೀಳ್ತೀನಾ? (ಭದ್ರಾವತಿ)

ಉತ್ತರ: ಕುಡಿದ ಕೂಡ್ಲೇ ಊದಿದ್ರೆ ಮೀಟರ್ ಏರುತ್ತೆ, ಯಾಕಂದ್ರೆ ಅರಿಷ್ಟ, ಆಸವ ಇವೆಲ್ಲ ಹುದುಗಿಸಿ ಮಾಡೋವು, ಅದರಲ್ಲಿ ಆಲ್ಕೋಹಾಲ್ ತಾನೇ ಹುಟ್ಟಿರುತ್ತೆ. ಅದು ಬಾಯಲ್ಲಿ ಉಳಿದ ಆಲ್ಕೋಹಾಲ್, ಬಾಯಿ ಮುಕ್ಕಳಿಸಿ 15ರಿಂದ 20 ನಿಮಿಷ ಬಿಟ್ಟು ಮತ್ತೆ ಊದಿದ್ರೆ ಇಳಿದುಹೋಗಿರುತ್ತೆ. ಮೌತ್‌ವಾಶ್‌ಗೂ ಇದೇ ಮಾತು. ಮೊದಲ ಸಲ ಪಾಸಿಟಿವ್ ಬಂದ್ರೆ ಗಾಬರಿ ಆಗಬೇಡಿ, ಇನ್ನೊಂದು ಸಲ ಊದಿಸಿ ಅಂತ ಕೇಳಿ, ಕೇಳೋದು ನಿಮ್ಮ ಹಕ್ಕು. ಅರಿಷ್ಟವನ್ನ ರಾತ್ರಿ ಮನೇಲಿ ತಗೊಳ್ಳಿ, ಡ್ಯೂಟಿಗೆ ಮುಂಚೆ ಬೇಡ. ಒಂದೆರಡು ಚಮಚ ಅಂತ ಹೇಳಿ ಅರ್ಧ ಬಾಟ್ಲಿ ಇಳಿಸೋರೂ ಇದಾರೆ, ಅದು ಔಷಧಿ ಆಗಲ್ಲ.

ಪ್ರಶ್ನೆ: ಸಾಗರ ರಸ್ತೆ ಕಡೆ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ಸೋಮವಾರ ಬೆಳಿಗ್ಗೆ ಅರ್ಧ ಜನ ರಾತ್ರಿದು ಇಳಿಯದೇ ಬರ್ತಾರೆ. ಹುಡುಗರು ಗಾಂಜಾ ಹೊಡೀತಾರೆ ಅಂತಾನೂ ಸುದ್ದಿ. ಆನ್‌ಲೈನಲ್ಲಿ ಡ್ರಗ್ ಟೆಸ್ಟ್ ಕಾರ್ಡ್ ಸಿಗುತ್ತಂತೆ, ಒಂದು ಬಾಕ್ಸ್ ತರಿಸಿ ಒಂದಿನ ಎಲ್ಲರಿಗೂ ಟೆಸ್ಟ್ ಮಾಡ್ಸಿ, ಪಾಸಿಟಿವ್ ಬಂದವರನ್ನ ಅವತ್ತೇ ಲೆಕ್ಕ ಕೊಟ್ಟು ಕಳಿಸೋಣ ಅಂತಿದೀನಿ. ಕಾನೂನಲ್ಲಿ ತೊಂದರೆ ಇದೆಯಾ? (ಶಿವಮೊಗ್ಗ)

ಉತ್ತರ: ಸರ್, ನಿಮ್ಮ ಭಯ ನನಗೆ ಅರ್ಥ ಆಗುತ್ತೆ. 1400 ಡಿಗ್ರಿ ಆಸುಪಾಸಲ್ಲಿ ಕರಗಿರೋ ಕಬ್ಬಿಣವನ್ನ ಲೇಡಲಲ್ಲಿ (ಹೊಯ್ಯೋ ದೊಡ್ಡ ಸೌಟು) ಹಿಡ್ಕೊಂಡು ಹೋಗೋನ ಕೈ ಒಂದು ಸಲ ನಡುಗಿದ್ರೆ ಅವನಷ್ಟೇ ಅಲ್ಲ, ಎದುರಿಗೆ ನಿಂತಿರೋನೂ ಸುಡ್ತಾನೆ, ತೇವ ಇರೋ ಮೋಲ್ಡಿಗೆ ಹೊಯ್ದ್ರಂತೂ ಸಿಡಿಯುತ್ತೆ. ಕಾನೂನಿನ ಪ್ರಕಾರ ಕೆಲಸಗಾರರ ಸುರಕ್ಷತೆ ನಿಮ್ಮ ಹೊಣೆ, ಹಾಗಾಗಿ ಏನಾದ್ರೂ ಮಾಡಲೇಬೇಕು. ಆದ್ರೆ ನೀವು ಹೇಳಿದ ದಾರಿ ಬೇಡ.

ಮೊದಲನೇದಾಗಿ ನಿಮ್ಮ ಸಮಸ್ಯೆ ಮದ್ಯ, ನೀವು ತರಿಸೋ ಕಾರ್ಡು ಮದ್ಯ ಹಿಡಿಯೋದೇ ಇಲ್ಲ. ಆ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಗಾಂಜಾ, ಮಾರ್ಫಿನ್, ಆಂಫೆಟಮಿನ್, ಕೊಕೇನ್, ನಿದ್ದೆ ಮಾತ್ರೆ ಇವಕ್ಕೆ ಪಟ್ಟಿ ಇರುತ್ತೆ. ಭಾನುವಾರ ರಾತ್ರಿದು ಸೋಮವಾರ ಉಳಿದಿದೆಯಾ ಅಂತ ನೋಡೋಕೆ ಬ್ರೆತ್ ಅನಲೈಜರ್ ಬೇಕು, ಅದೂ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಇರೋದು. ಲೆಕ್ಕ ಹೇಳ್ತೀನಿ ಕೇಳಿ, ಒಂದು ಕ್ವಾರ್ಟರ್ ಅಂದ್ರೆ 180 ಎಂಎಲ್, 42.8 ಪರ್ಸೆಂಟ್ ಅಂದ್ರೆ ಸುಮಾರು 60 ಗ್ರಾಂ ಆಲ್ಕೋಹಾಲ್. ಲಿವರ್ ಗಂಟೆಗೆ ಹೆಚ್ಚುಕಡಿಮೆ 7ರಿಂದ 10 ಗ್ರಾಂ ಕರಗಿಸುತ್ತೆ. ಒಂದು ಕ್ವಾರ್ಟರ್ ಇಳಿಯೋಕೆ ಆರೆಂಟು ಗಂಟೆ ಬೇಕು, ರಾತ್ರಿ ಹನ್ನೊಂದಕ್ಕೆ ಎರಡು ಕ್ವಾರ್ಟರ್ ಮುಗಿಸಿದವನು ಬೆಳಿಗ್ಗೆ ಎಂಟಕ್ಕೆ ಗೇಟಿಗೆ ಬಂದಾಗ ಅವನಿಗೆ ನಶೆ ಇಳಿದಿದೆ ಅನ್ಸುತ್ತೆ, ರಕ್ತದಲ್ಲಿ ಇದ್ದೇ ಇರುತ್ತೆ. ಮಜ್ಜಿಗೆ, ನಿಂಬೆಹುಳಿ, ತಲೆ ಮೇಲೆ ತಣ್ಣೀರು, ಸ್ಟ್ರಾಂಗ್ ಕಾಫಿ ಯಾವುದೂ ಇದನ್ನ ಬೇಗ ಇಳಿಸಲ್ಲ. ಈ ಲೆಕ್ಕವನ್ನ ಕನ್ನಡದಲ್ಲಿ, ಹಿಂದಿಯವರಿದ್ರೆ ಹಿಂದಿಲೂ ಬರೆಸಿ ಗೇಟಲ್ಲಿ ಹಾಕಿ, ಎಷ್ಟೋ ಜನಕ್ಕೆ ನಿಜವಾಗ್ಲೂ ಗೊತ್ತಿರಲ್ಲ.

ಗಾಂಜಾ ಕಾರ್ಡಿನ ಕಥೆ ಇದಕ್ಕೆ ಉಲ್ಟಾ. ಮೂತ್ರದಲ್ಲಿ ಸಿಗೋದು ಗಾಂಜಾ ಕರಗಿದ ಮೇಲೆ ಉಳಿಯೋ ಕಸ, ಅದು ಯಾವಾಗಲೋ ಒಮ್ಮೆ ಸೇದೋನಲ್ಲಿ ಮೂರ್ನಾಲ್ಕು ದಿನ, ದಿನಾ ಸೇದೋನಲ್ಲಿ ತಿಂಗಳು ದಾಟಿದ್ರೂ ಕಾಣುತ್ತೆ. ಅಂದ್ರೆ ಮೊನ್ನೆ ಜಾತ್ರೇಲಿ ಸೇದಿ ಇವತ್ತು ನೆಟ್ಟಗಿರೋನಿಗೂ ಪಾಸಿಟಿವ್, ಈಗಷ್ಟೇ ಮೊದಲ ಸಲ ಸೇದಿ ಬಂದು ಕಣ್ಣು ಕೆಂಪಗಾಗಿ ನಿಂತಿರೋನಿಗೆ ನೆಗೆಟಿವ್ ಬಂದ್ರೂ ಬರಬಹುದು. ಕಾರ್ಡ್ ಓದೋದೂ ತಲೆಕೆಳಗು. ಸಿ ಅಂತ ಬರೆದಿರೋ ಕಡೆ ಒಂದು ಗೆರೆ, ಟಿ ಕಡೆ ಒಂದು ಗೆರೆ, ಎರಡೂ ಬಂದ್ರೆ ನೆಗೆಟಿವ್, ಟಿ ಗೆರೆ ಬರದೇ ಇದ್ರೆ ಪಾಸಿಟಿವ್. ಟಿ ಗೆರೆ ಎಷ್ಟೇ ಮಸುಕಾಗಿದ್ರೂ ನೆಗೆಟಿವ್ ಅಂತಾನೇ ಲೆಕ್ಕ. ಗರ್ಭಿಣಿ ಟೆಸ್ಟ್ ಕಾರ್ಡ್ ನೋಡಿ ಅಭ್ಯಾಸ ಇರೋ ಸೂಪರ್‌ವೈಸರ್ ಎರಡು ಗೆರೆ ನೋಡಿ ಸಿಕ್ಕಿಬಿದ್ದ ಅಂತ ಕೂಗಿದ್ರೆ ಒಬ್ಬನ ಸಂಸಾರ ಬೀದಿಗೆ ಬರುತ್ತೆ. ಕಾರ್ಡು ಅನುಮಾನ ಪಡೋಕೆ ಮಾತ್ರ, ಲ್ಯಾಬ್ ಖಚಿತ ಮಾಡದೇ ಯಾರ ಮೇಲೂ ಕ್ರಮ ಬೇಡ.

ಕಾನೂನಿನ ವಿಷಯ ಕೇಳಿದ್ರಿ. ಖಾಸಗಿ ಕಾರ್ಖಾನೆಯವರು ಡ್ರಗ್ ಟೆಸ್ಟ್ ಹೀಗೇ ಮಾಡ್ಬೇಕು ಅನ್ನೋ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಅದಕ್ಕೇ ಮುಂಚೆನೇ ಬರೆದ ಪಾಲಿಸಿ ಬೇಕು, ಕೆಲಸಗಾರರ ಒಪ್ಪಿಗೆ ಬೇಕು, 2017ರ ಪುಟ್ಟಸ್ವಾಮಿ ತೀರ್ಪಲ್ಲಿ ಸುಪ್ರೀಂ ಕೋರ್ಟು ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿಯಾಗಿದೆ. ಡ್ಯೂಟಿಲಿ ಕುಡಿದಿರೋದು ದುರ್ನಡತೆ ಹೌದು, ಆದ್ರೆ ಅದಕ್ಕೂ ನೋಟಿಸ್ ಕೊಟ್ಟು, ಅವನ ಮಾತು ಕೇಳಿ, ವಿಚಾರಣೆ ಮಾಡಿ ಆಮೇಲೆ ಶಿಕ್ಷೆ. ಅವತ್ತೇ ಲೆಕ್ಕ ಕೊಟ್ಟು ಕಳಿಸಿದ್ರೆ ಕೋರ್ಟಲ್ಲಿ ನಿಲ್ಲಲ್ಲ. ಇನ್ನೊಂದು ತಪ್ಪು ತಿಳುವಳಿಕೆ ಇದೆ, ಕುಡಿದು ಬಿದ್ರೆ ಪರಿಹಾರ ಕೊಡಬೇಕಾಗಿಲ್ಲ ಅಂತ. ಇಎಸ್‌ಐ ಇಲ್ಲದ ಕಡೆ ಅನ್ವಯ ಆಗೋ ನೌಕರರ ಪರಿಹಾರದ ಕಾನೂನಲ್ಲಿ ಆ ವಿನಾಯಿತಿ ಎಲ್ಲದಕ್ಕೂ ಇಲ್ಲ, ಸಾವು ಅಥವಾ ಶಾಶ್ವತವಾಗಿ ಪೂರ್ತಿ ಅಂಗವಿಕಲ ಆದ್ರೆ ಕುಡಿದಿದ್ದ ಅನ್ನೋ ಕಾರಣ ಕೊಟ್ಟು ಮಾಲೀಕರು ಕೈ ತೊಳ್ಕೊಳ್ಳೋ ಹಂಗಿಲ್ಲ.

ಹಾಗಾದ್ರೆ ಏನು ಮಾಡಿ ಅಂದ್ರೆ, ಒಂದು ಪುಟದ ಪಾಲಿಸಿ ಸಾಕು. ಫರ್ನೇಸ್, ಕ್ರೇನ್, ಫೋರ್ಕ್‌ಲಿಫ್ಟ್, ಲೇಡಲ್ ಇಷ್ಟು ಕಡೆ ಕೆಲಸ ಮಾಡೋರಿಗೆ ಶಿಫ್ಟ್ ಶುರುಲಿ ಊದಿಸ್ತೀವಿ, ಅಪಘಾತ ಆದ್ಮೇಲೆ ಊದಿಸ್ತೀವಿ, ನಡಿಗೆ ಮಾತು ತೊದಲೋದು ಇಬ್ಬರಿಗೆ ಕಂಡ್ರೆ ಊದಿಸ್ತೀವಿ ಅಂತ ಬರೀರಿ. ಮ್ಯಾನೇಜರ್ರು, ಮೇಸ್ತ್ರಿ, ಸರ್ ನೀವೂ ಫ್ಲೋರಿಗೆ ಇಳಿಯೋ ದಿನ ಊದಿ. ಬಿಹಾರ ಒಡಿಶಾ ಹುಡುಗರನ್ನ, ಕಾಂಟ್ರಾಕ್ಟ್ ಲೇಬರನ್ನ ಮಾತ್ರ ಸಾಲಲ್ಲಿ ನಿಲ್ಲಿಸಿ ಪರ್ಮನೆಂಟ್‌ನವರನ್ನ ಬಿಟ್ರೆ ಆ ಪಾಲಿಸಿನ ಯಾರೂ ನಂಬಲ್ಲ. ಪಾಸಿಟಿವ್ ಬಂದವನನ್ನ ಎಲ್ಲರೆದುರು ಬೈಯಬೇಡಿ, ಬೇರೆ ರೂಮಲ್ಲಿ ಕೂರಿಸಿ 20 ನಿಮಿಷ ಬಿಟ್ಟು ಮತ್ತೆ ಊದಿಸಿ, ಆಮೇಲೂ ಬಂದ್ರೆ ಬೈಕ್ ಕೀ ಇಸ್ಕೊಂಡು ಯಾರನ್ನಾದ್ರೂ ಜೊತೆ ಮಾಡಿ ಮನೆಗೆ ಕಳಿಸಿ, ಹೈವೇಲಿ ಅವನೇ ಓಡಿಸ್ಕೊಂಡು ಹೋಗಿ ಸತ್ರೆ ಆ ಪಾಪ ಯಾರಿಗೆ? ಮೊದಲ ಸಲಕ್ಕೆ ಚಿಕಿತ್ಸೆಗೆ ಕಳಿಸಿ. ನಮ್ಮ ಶಿವಮೊಗ್ಗದ ಸೋಗಾನೆ ಏರ್ಪೋರ್ಟಲ್ಲಿ ಇಳಿಯೋ ವಿಮಾನದ ಪೈಲಟ್‌ಗಳಿಗೂ ವಿಮಾನಯಾನ ನಿಯಂತ್ರಿಸೋ ಡಿಜಿಸಿಎ 2022ರಿಂದ ಡ್ರಗ್ ಟೆಸ್ಟ್ ನಿಯಮ ತಂದಿದೆ, ಅಷ್ಟು ಬಿಗಿ ಇರೋ ಕಡೆನೇ ಮೊದಲ ಸಲ ಖಚಿತವಾಗಿ ಸಿಕ್ಕಿಬಿದ್ರೆ ಡ್ಯೂಟಿಯಿಂದ ಇಳಿಸಿ ಚಿಕಿತ್ಸೆಗೆ ಕಳಿಸ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಐಎಲ್‌ಒ 1996ರಲ್ಲಿ ಹೊರತಂದ ಮಾರ್ಗಸೂಚಿಲೂ ಇದನ್ನ ಆರೋಗ್ಯದ ಸಮಸ್ಯೆ ಅಂತಾನೇ ನೋಡಿ ಅಂತಿದೆ. ಹತ್ತು ವರ್ಷ ಪಳಗಿದ ಮೋಲ್ಡರನ್ನ ಓಡಿಸಿದ್ರೆ ನಿಮಗೆ ನಾಳೆ ಬರೋ ಹೊಸಬ ಕುಡಿಯದವನು ಅಂತ ಯಾವ ಗ್ಯಾರಂಟಿನೂ ಇಲ್ಲ. ಮತ್ತೆ ಡಬಲ್ ಶಿಫ್ಟ್ ಹಾಕ್ಸೋದು ಎಷ್ಟಿದೆ ನೋಡ್ಕೊಳ್ಳಿ, ಹದಿನಾರು ಗಂಟೆ ಬಿಸಿಲಿಗಿಂತ ಬಿಸಿ ಜಾಗದಲ್ಲಿ ನಿಂತೋನು ರಾತ್ರಿ ನಿದ್ದೆ ಬರಲಿ ಅಂತಾನೇ ಕುಡೀತಾನೆ.

ಪ್ರಶ್ನೆ: ಗಾರ್ಮೆಂಟ್ಸಲ್ಲಿ ಹೊಲಿಗೆ ಕೆಲಸ ಮಾಡ್ತೀನಿ ಮೇಡಂ. ಎಲ್ಲರ ಯೂರಿನ್ ಟೆಸ್ಟ್ ಮಾಡ್ತಾರಂತೆ. ನನಗೆ ಚಿಕ್ಕಂದಿನಿಂದ ಫಿಟ್ಸ್, ರಾತ್ರಿ ಫಿನೋಬಾರ್ಬಿಟೋನ್ ಮಾತ್ರೆ ತಗೋತೀನಿ. ಅದು ಡ್ರಗ್ಸ್ ಅಂತ ಬರುತ್ತಾ? ಫಿಟ್ಸ್ ಇದೆ ಅಂತ ಗೊತ್ತಾದ್ರೆ ಕೆಲಸ ತೆಗೀತಾರೆ ಅಂತ ಭಯ. ಇನ್ನೊಂದು, ಅದೇ ಯೂರಿನಲ್ಲಿ ಬಸುರಿ ಹೌದೋ ಅಲ್ವೋ ಅಂತಾನೂ ನೋಡ್ತಾರೆ ಅಂತ ಲೈನಲ್ಲಿ ಮಾತಾಡ್ಕೋತಾರೆ. (ಮಾಚೇನಹಳ್ಳಿ)

ಉತ್ತರ: ತಂಗಿ, ಬಾರ್ಬಿಚುರೇಟ್ ಅನ್ನೋ ಪಟ್ಟಿ ಕಾರ್ಡಲ್ಲಿದ್ರೆ ನಿನ್ನ ಮಾತ್ರೆ ಪಾಸಿಟಿವ್ ತೋರ್ಸುತ್ತೆ. ಆದ್ರೆ ಏನೇ ಆದ್ರೂ ಟೆಸ್ಟ್ ಇದೆ ಅಂತ ಮಾತ್ರೆ ನಿಲ್ಲಿಸಬೇಡ. ಫಿಟ್ಸ್ ಮಾತ್ರೆ ತಟ್ಟಂತ ಬಿಟ್ರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಜೀವಕ್ಕೇ ಕುತ್ತು, ಅದಲ್ಲದೆ ಅದು ಮೈಯಿಂದ ಹೋಗೋಕೆ ವಾರಗಟ್ಟಲೆ ಬೇಕು, ಎರಡು ದಿನ ಬಿಟ್ಟು ಏನೂ ಪ್ರಯೋಜನ ಇಲ್ಲ. ನಿನ್ನ ಡಾಕ್ಟರ್ ಹತ್ರ ಒಂದು ಚೀಟಿ ಬರೆಸ್ಕೋ, ಇಂಥ ಮಾತ್ರೆ ವೈದ್ಯರ ಸಲಹೆ ಮೇರೆಗೆ ತಗೋತಿದಾರೆ ಅಂತ. ಆ ಚೀಟಿ ಟೆಸ್ಟ್ ಮಾಡೋ ಡಾಕ್ಟರ್ ಕೈಗೆ ಮಾತ್ರ ಕೊಡು, ಸೂಪರ್‌ವೈಸರ್‌ಗೆ ಲೈನ್ ಇನ್‌ಚಾರ್ಜ್‌ಗೆ ಕೊಡಬೇಕಾಗಿಲ್ಲ. ಆ ಡಾಕ್ಟರ್ ಕಂಪನಿಗೆ ಹೇಳಬೇಕಾದ್ದು ಒಂದೇ ಮಾತು, ಕೆಲಸಕ್ಕೆ ಫಿಟ್ ಇದಾಳೋ ಇಲ್ವೋ ಅಂತ. ಯಾವ ಮಾತ್ರೆ, ಯಾವ ಕಾಯಿಲೆ ಅನ್ನೋದು ಅವರಿಗೆ ಬೇಕಾಗಿಲ್ಲ.

ಒಪ್ಪಿಗೆ ಫಾರ್ಮಿಗೆ ಸೈನ್ ಹಾಕೋ ಮುಂಚೆ ಓದು, ಇಂಗ್ಲಿಷಲ್ಲಿದ್ರೆ ಕನ್ನಡದಲ್ಲಿ ಕೊಡಿ ಅಂತ ಕೇಳಿ, ಒಬ್ಬಳೇ ಕೇಳೋಕೆ ಭಯ ಆದ್ರೆ ನಾಲ್ಕೈದು ಜನ ಸೇರಿ ಕೇಳಿ. ಏನೇನು ಟೆಸ್ಟ್ ಅಂತ ಒಂದೊಂದೂ ಹೆಸರು ಅದರಲ್ಲಿ ಬರೆದಿರಬೇಕು. ಅದರಲ್ಲಿಲ್ಲದ ಟೆಸ್ಟು, ಗರ್ಭದ್ದಂತೂ, ನಿಮಗೆ ಹೇಳದೇ ಮಾಡಿದ್ರೆ ಅದು ಕಳ್ಳತನ ಅಂತಾನೇ ನಾನು ಹೇಳೋದು. ಬಾತ್‌ರೂಮ್ ಒಳಗೆ ಯಾರೂ ನಿಂತು ನೋಡೋ ಅಗತ್ಯ ಇಲ್ಲ, ಬಾಟ್ಲಿ ಹೊರಗೆ ಮೇಲೆ ಅಂಟಿಸಿರೋ ಟೆಂಪರೇಚರ್ ಪಟ್ಟಿ 32ರಿಂದ 38 ಡಿಗ್ರಿ ತೋರಿಸಿದ್ರೆ ಅದು ಆಗಷ್ಟೇ ಮಾಡಿದ ಮೂತ್ರ ಅಂತ ಗೊತ್ತಾಗುತ್ತೆ, ಕಾವಲಿಗೆ ಅಷ್ಟು ಸಾಕು. ರಿಸಲ್ಟ್ ವಾಟ್ಸಾಪ್ ಗ್ರೂಪಿಗೆ ಹಾಕಿದ್ರೆ ಸ್ಕ್ರೀನ್‌ಶಾಟ್ ಇಟ್ಕೊಂಡು ಲಿಖಿತವಾಗಿ ದೂರು ಕೊಡಿ.

ಪ್ರಶ್ನೆ: ನಮ್ಮನೆಯವರು ಲಾರಿ ಡ್ರೈವರ್ ಅಕ್ಕಾ, ಹುಲಿಕಲ್ ಘಾಟಿ ಇಳಿದು ಮಂಗಳೂರಿಗೆ ಲೋಡ್ ಹೊಡೀತಾರೆ. ಮೊದಲು ರಾತ್ರಿ ಮಾತ್ರ ಕುಡೀತಿದ್ರು, ಈಗ ಬೆಳಿಗ್ಗೆ ಕೈ ನಡುಗುತ್ತೆ ಅಂತ ಎದ್ದ ಕೂಡ್ಲೇ ಬೇಕು. ಮಾಲೀಕರು ಇನ್ನೊಂದು ಸಲ ಕುಡಿದು ಬಂದ್ರೆ ಬೇಡ ಅಂದಿದಾರೆ. ಊಟದಲ್ಲಿ ಗೊತ್ತಾಗದ ಹಂಗೆ ಹಾಕೋ ಮಾತ್ರೆ ಪುಡಿ ಸಿಗುತ್ತಂತೆ, ಪಕ್ಕದ ಮನೆಯವರು ತಂದ್ಕೊಡ್ತೀನಿ ಅಂದ್ರು. ಹಾಕ್ಲಾ? (ಹೊಸನಗರ)

ಉತ್ತರ: ಹಾಕಬೇಡಮ್ಮಾ. ದಯವಿಟ್ಟು ಹಾಕಬೇಡ. ಆ ಪುಡಿ ಬಹುತೇಕ ಡೈಸಲ್ಫಿರಾಮ್ ಅನ್ನೋ ಔಷಧಿ ಆಗಿರುತ್ತೆ. ಅದು ಮೈಯಲ್ಲಿದ್ದಾಗ ಒಂದು ಪೆಗ್ ಕುಡಿದ್ರೂ ಮುಖ ಕೆಂಪಾಗಿ, ಎದೆ ಡವಡವ ಹೊಡ್ಕೊಂಡು, ವಾಂತಿ ಬಂದು, ಬಿಪಿ ಕುಸಿಯುತ್ತೆ, ಹಾರ್ಟ್ ನಿಂತು ಹೋದವರೂ ಇದಾರೆ. ನಿಲ್ಲಿಸಿದ್ಮೇಲೂ ಹೆಚ್ಚುಕಡಿಮೆ ಎರಡು ವಾರ ಅದರ ಗುಣ ಇರುತ್ತೆ. ಇದು ಅವರಿಗೆ ಘಾಟಿಯ ತಿರುವಲ್ಲಿ ಸ್ಟೇರಿಂಗ್ ಹಿಡಿದಿರುವಾಗ ಆದ್ರೆ? ಆ ಔಷಧಿ ಕೆಟ್ಟದ್ದಲ್ಲ, ಕುಡಿಯೋನು ತಾನೇ ಒಪ್ಪಿ, ಡಾಕ್ಟರ್ ಲಿವರ್ ಹಾರ್ಟ್ ನೋಡಿ ಕೊಟ್ರೆ ಕೆಲಸ ಮಾಡುತ್ತೆ. ಆದ್ರೆ ಅದು ಕದ್ದು ಹಾಕೋ ಔಷಧಿ ಅಲ್ಲ.

ಬೆಳಿಗ್ಗೆ ಕೈ ನಡುಗೋದು ಅಂದ್ಯಲ್ಲ, ಅದು ಚಟದ ಹಂತ ದಾಟಿ ಮೈಯೇ ಮದ್ಯ ಕೇಳ್ತಿರೋ ಲಕ್ಷಣ. ಇಂಥವರಿಗೆ ದೇವರ ಮೇಲೆ ಆಣೆ ಹಾಕ್ಸಿ ಇವತ್ತಿಂದ್ಲೇ ಬಿಡು ಅನ್ನೋದು ಅಪಾಯ. ತಟ್ಟಂತ ನಿಲ್ಲಿಸಿದ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದಲ್ಲಿ ಇಲ್ಲದ್ದೆಲ್ಲ ಕಾಣೋದು, ಯಾರೋ ಕರೆದಂಗೆ ಕೇಳ್ಸೋದು, ಜ್ವರ, ಬೆವರು, ಗೊತ್ತುಗುರಿ ಇಲ್ಲದ ಮಾತು ಶುರುವಾಗಬಹುದು. ನಮ್ಮ ಕಡೆ ಗಾಳಿ ಹಿಡೀತು ಅಂತ ದರ್ಶನದ ಪಾತ್ರಿ ಹತ್ರ ಕರ್ಕೊಂಡು ಹೋಗಿ ಕಾಲ ಕಳೀತಾರೆ. ಅದು ಗಾಳಿ ಅಲ್ಲ, ಎಮರ್ಜೆನ್ಸಿ, 108 ಕರೆಸಿ ಆಸ್ಪತ್ರೆಗೆ ಸೇರಿಸ್ಬೇಕು. ಅಡ್ಮಿಟ್ ಮಾಡ್ಕೊಂಡು ಮಾತ್ರೆ, ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟು ನಿಧಾನ ಇಳಿಸಿದ್ರೆ ವಾರ ಹತ್ತು ದಿನದಲ್ಲಿ ಮೈ ಹತೋಟಿಗೆ ಬರುತ್ತೆ, ಆಮೇಲೆ ಆಸೆ ಕಡಿಮೆ ಮಾಡೋ ಔಷಧಿ, ಕೌನ್ಸೆಲಿಂಗ್, ತಿಂಗಳುಗಟ್ಟಲೆ ಫಾಲೋ ಅಪ್. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಲಿ ಮನೋವೈದ್ಯ ವಿಭಾಗ ಇದೆ. ಅಲ್ಲಿವರೆಗೆ ಹೋಗೋದು ಕಷ್ಟ ಅಂದ್ರೆ ಮನೋಚೈತನ್ಯ ಯೋಜನೆಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರ್ತಾರೆ, ಆಸ್ಪತ್ರೆಲಿ ದಿನ ಕೇಳ್ಕೊಂಡು ಹೋಗು. 14446 ಅನ್ನೋದು ವ್ಯಸನಮುಕ್ತಿಯ ಉಚಿತ ಸಹಾಯವಾಣಿ, 14416 ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ. ಮೊದಲು ನೀನೊಬ್ಬಳೇ ಫೋನ್ ಮಾಡಿ ಮಾತಾಡಬಹುದು.

ಮಾಲೀಕರಿಗೂ ಒಂದು ಮಾತು ಹೇಳು, ಇಲ್ಲಾ ಈ ಪುಟ ತೋರ್ಸು. ಮೋಟಾರು ವಾಹನ ಕಾಯ್ದೆಲಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ ದಾಟಿದ್ರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಹಾಗಾಗಿ ಅವರನ್ನ ಈಗ ಲಾರಿ ಹತ್ತಿಸ್ಬಾರದು, ಆ ಬಗ್ಗೆ ಎರಡು ಮಾತಿಲ್ಲ. ಆದ್ರೆ ಒಂದು ತಿಂಗಳು ರಜೆ ಕೊಟ್ಟು, ಚಿಕಿತ್ಸೆ ಮುಗಿಸಿ ಬಂದ್ಮೇಲೆ ಕೆಲಸ ಇದೆ ಅಂತ ಮಾಲೀಕರು ಬಾಯಿಬಿಟ್ಟು ಹೇಳಿದ್ರೆ, ಅದಕ್ಕಿಂತ ದೊಡ್ಡ ಔಷಧಿ ನನ್ನ ಹತ್ರ ಇಲ್ಲ. ಕೆಲಸ ಉಳಿಯುತ್ತೆ ಅನ್ನೋ ಆಸೆ ಇದ್ದವರು ಚಿಕಿತ್ಸೆ ಪೂರ್ತಿ ಮಾಡ್ತಾರೆ, ಇದನ್ನ ನಾನು ಬೇಕಾದಷ್ಟು ಮನೆಗಳಲ್ಲಿ ನೋಡಿದೀನಿ. 2017ರ ಮಾನಸಿಕ ಆರೋಗ್ಯ ಕಾಯ್ದೆಲಿ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದಾಗೋ ತೊಂದರೆಗಳೂ ಮಾನಸಿಕ ಕಾಯಿಲೆ ಅಂತಾನೇ ಸೇರಿವೆ. ಕಾಯಿಲೆ ಬಿದ್ದ ಡ್ರೈವರ್‌ಗೆ ರಜೆ ಕೊಡಲ್ವಾ, ಹಂಗೇ ಇದೂ.

ಪ್ರಶ್ನೆ: ವೀಕೆಂಡಲ್ಲಿ ಫ್ರೆಂಡ್ಸ್ ಜೊತೆ ಸ್ವಲ್ಪ ಸೇದ್ತೀನಿ ಅಷ್ಟೇ. ಮುಂದಿನ ತಿಂಗಳು ಕಂಪನಿ ಮೆಡಿಕಲ್ ಇದೆ. ವಿನೆಗರ್ ಕುಡಿದ್ರೆ, ಜಾಸ್ತಿ ನೀರು ಕುಡಿದ್ರೆ ಕ್ಲಿಯರ್ ಆಗುತ್ತಾ? (ಶಿವಮೊಗ್ಗ)

ಉತ್ತರ: ಆಗಲ್ಲ. ವಿನೆಗರ್‌ನಿಂದ ಹೊಟ್ಟೆ ಉರಿಯುತ್ತೆ, ಅಷ್ಟೇ. ನೀರು ಕುಡಿದು ಮೂತ್ರ ತೆಳ್ಳಗೆ ಮಾಡಿದ್ರೆ ಲ್ಯಾಬಲ್ಲಿ ಕ್ರಿಯಾಟಿನಿನ್ (ಮೂತ್ರದಲ್ಲಿ ಸಹಜವಾಗಿರೋ ಒಂದು ವಸ್ತು) ನೋಡಿ ಗೊತ್ತು ಮಾಡ್ತಾರೆ, ಮತ್ತೆ ಕೊಡು ಅಂತಾರೆ. ಟೆಸ್ಟ್ ತಪ್ಪಿಸೋ ದಾರಿ ನಾನು ಹೇಳಲ್ಲ, ಇವತ್ತಿಂದ ನಿಲ್ಲಿಸು ಅಂತ ಹೇಳ್ತೀನಿ. ನಿಲ್ಲಿಸೋಕೆ ಆಗ್ತಿಲ್ಲ, ನಿದ್ದೆ ಬರ್ತಿಲ್ಲ, ಸಿಟ್ಟು ಬರುತ್ತೆ ಅಂತಾದ್ರೆ ಅದು ವೀಕೆಂಡ್ ವಿಷಯ ಅಲ್ಲ, 14446ಕ್ಕೆ ಫೋನ್ ಮಾಡು. ಗಾಂಜಾ ಸೇದೋದೇ ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್‌ನಲ್ಲಿ ಅಪರಾಧ, ಆರು ತಿಂಗಳವರೆಗೆ ಶಿಕ್ಷೆ ಇದೆ. ಅದೇ ಕಾಯ್ದೆಯ 64ಎ ಸೆಕ್ಷನ್‌ನಲ್ಲಿ, ವ್ಯಸನಿ ತಾನಾಗೇ ಬಂದು ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಕಡೆ ಚಿಕಿತ್ಸೆ ಪೂರ್ತಿ ಮಾಡಿಸ್ಕೊಂಡ್ರೆ ಆ ಕೇಸಿಂದ ರಕ್ಷಣೆನೂ ಇದೆ. ಈ ಎರಡನೇದು ನಮ್ಮ ಹುಡುಗರಿಗೆ ಯಾರೂ ಹೇಳಲ್ಲ, ನಿನ್ನ ಫ್ರೆಂಡ್ಸಿಗೂ ಹೇಳು.

ಪ್ರಶ್ನೆ: ಅಡಿಕೆ ತೋಟ ಇದೆ. ಅಡಿಕೆ ಕೊನೆ ಕೊಯ್ಯೋ ಕೊನೆಗೌಡ ಕುಡಿದೇ ಮರ ಹತ್ತೋದು, ಇಲ್ಲದಿದ್ರೆ ಕೈಕಾಲು ಆಡಲ್ಲ ಅಂತಾನೆ. ಮಧ್ಯಾಹ್ನಕ್ಕೆ ಒಂದು ಕ್ವಾರ್ಟರ್ ನಾವೇ ತಂದ್ಕೊಡ್ಬೇಕು, ಕೊಡದಿದ್ರೆ ಪಕ್ಕದ ತೋಟಕ್ಕೆ ಹೋಗ್ತಾನೆ. ಕೊಯ್ಲಿನ ಟೈಮಲ್ಲಿ ಬೇರೆ ಜನ ಸಿಗಲ್ಲ. ನಾವೇನು ಕಂಪನಿನಾ ಊದ್ಸೋಕೆ? (ಸಾಗರ)

ಉತ್ತರ: ಊದಿಸೋದು ಬೇಡ ರಾಯರೇ, ತಂದ್ಕೊಡೋದು ನಿಲ್ಲಿಸಿ. ಕಾಲಿಗೆ ತಳೆ ಹಾಕ್ಕೊಂಡು ನಲವತ್ತು ಐವತ್ತು ಅಡಿ ಮೇಲೆ ಹೋಗಿ, ಅಲ್ಲಿಂದ ತೂಗಿ ಪಕ್ಕದ ಮರ ಹಿಡಿಯೋನು ಅವನು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಮರ ಬೇರೆ ಪಾಚಿ ಕಟ್ಟಿ ಜಾರುತ್ತೆ. ಅವನ ಕೈಗೆ ಮಧ್ಯಾಹ್ನ ಮದ್ಯ ಕೊಟ್ಟು ಮತ್ತೆ ಹತ್ತಿಸೋದು ಯಾವ ಲೆಕ್ಕದಲ್ಲೂ ಸರಿಯಲ್ಲ, ಅವನೇ ಕೇಳಿದ ಅಂದ್ರೂ ಸರಿಯಲ್ಲ. ಬಿದ್ದು ಸೊಂಟ ಮುರಿದ ಕೊನೆಗೌಡರ ಮನೆ ಮಲೆನಾಡಿನ ಯಾವ ಊರಲ್ಲಿಲ್ಲ ಹೇಳಿ.

ಕೈಕಾಲು ಆಡಲ್ಲ ಅಂತಾನಲ್ಲ, ಅದು ಮೇಲೆ ಹೊಸನಗರದ ತಂಗಿಗೆ ಹೇಳಿದ ನಡುಕನೇ. ಅವನಿಗೆ ಬೇಕಾಗಿರೋದು ಡಾಕ್ಟರು. ಕೊಯ್ಲು ಮುಗಿದು ಕೆಲಸ ಕಡಿಮೆ ಇರೋ ಟೈಮಲ್ಲಿ ನೀವೇ ಗಾಡಿ ಮಾಡಿ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಅಷ್ಟು ದಿನದ ಮನೆ ಖರ್ಚಿಗೆ ಅವನ ಹೆಂಡತಿ ಕೈಗೆ ಅಡ್ವಾನ್ಸ್ ಕೊಡಿ. ಊರೂರಲ್ಲಿ ನಡೆಯೋ ಮದ್ಯವರ್ಜನ ಶಿಬಿರಗಳಿಂದ ಬಿಟ್ಟವರೂ ಇದಾರೆ, ಆದ್ರೆ ನಡುಕ ಇರೋನನ್ನ ಡಾಕ್ಟರ್ ಒಮ್ಮೆ ನೋಡಿದ ಮೇಲೇ ಶಿಬಿರಕ್ಕೆ ಕಳಿಸಿ. ಕ್ವಾರ್ಟರಿನ ದುಡ್ಡನ್ನ ಕೂಲಿಗೇ ಸೇರ್ಸಿ, ಮಧ್ಯಾಹ್ನ ಒಳ್ಳೇ ಊಟ ಹಾಕಿ. ಪಕ್ಕದ ತೋಟಕ್ಕೆ ಹೋಗ್ತಾನೆ ಅನ್ನೋದು ನಿಜ, ಅದಕ್ಕೆ ನೀವೊಬ್ಬರೇ ಮಾಡಿದ್ರೆ ಆಗಲ್ಲ. ಕೊಯ್ಲಿಗೆ ಮುಂಚೆ ಕೇರಿಯ ಎಲ್ಲಾ ತೋಟದವರು ಒಂದಿನ ಸೊಸೈಟಿ ಕಟ್ಟೆ ಮೇಲೆ ಕೂತು, ಮರ ಹತ್ತೋ ದಿನ ಯಾರೂ ಮದ್ಯ ಕೊಡಬಾರದು, ಹತ್ತೋನಿಗೆ ಸೊಂಟದ ಸೇಫ್ಟಿ ಬೆಲ್ಟ್ ತೋಟದವರೇ ಕೊಡ್ಬೇಕು ಅಂತ ಒಪ್ಪಂದ ಮಾಡ್ಕೊಳ್ಳಿ. ಫೈಬರ್ ದೋಟಿ, ಅಂದ್ರೆ ಉದ್ದನೆ ಕೋಲು, ಈಗ ಸುಮಾರು ಕಡೆ ಬಂದಿದೆ, ನೆಲದ ಮೇಲೇ ನಿಂತು ಕೊನೆ ಇಳಿಸಬಹುದು, ಔಷಧಿನೂ ಹೊಡೀಬಹುದು. ನಾಲ್ಕು ಮನೆ ಸೇರಿ ಒಂದು ತಗೊಂಡು ನಿಮ್ಮ ಕೊನೆಗೌಡನಿಗೇ ಅದನ್ನ ಕಲಿಸಿ, ಹೊಸಬರನ್ನ ತಂದು ಅವನ ಅನ್ನ ಕಿತ್ಕೊಬೇಡಿ.